ಲಾಯಲ್ಟಿ ಹಡಗಿನ ಶ್ರಾವಕ

ಅಚೌರ್ಯಾಣುವ್ರತದ ಐದು ಅತಿಚಾರಗಳನ್ನು ಹೇಳುವಾಗ ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಕಳ್ಳತೂಕ, ಕಲಬೆರಕೆಗಳ ಸಾಲಿನಲ್ಲಿಯೇ ವಿರುದ್ಧರಾಜ್ಯಾತಿಕ್ರಮವನ್ನೂ ಎಣಿಸಿದ್ದಾರೆ. ರಾಜ್ಯಗಳ ನಡುವೆ ವಿರೋಧವಿರುವಾಗ ಕಟ್ಟಳೆ ಮೀರಿ, ಬೆಲೆಬಾಳುವ ಸರಕನ್ನು ಅಗ್ಗವಾಗಿ ದಕ್ಕಿಸಿಕೊಳ್ಳುವ ಪ್ರಯತ್ನವೆಂದು ವ್ಯಾಖ್ಯಾನಕಾರರು ಇದನ್ನು ವಿವರಿಸುತ್ತಾರೆ. ನಾಡಿನ ಸಂಕಟವನ್ನು ಲಾಭವಾಗಿಸಿಕೊಳ್ಳುವ ವರ್ತಕನು ಚೋರನಿಗೆ ಸಮೀಪವೆಂದಾಯಿತು. ಆದರೆ ಆಳುವ ಪ್ರಭುತ್ವವೇ ಪರದೇಶದ್ದಾದಾಗ ವರ್ತಕನ ನಿಷ್ಠೆ ಯಾರಿಗೆ ಸಲ್ಲಬೇಕು? ಸೊಲ್ಲಾಪುರದ ದಿಗಂಬರ ಜೈನ ಮನೆತನದ ವಾಲಚಂದ ಹೀರಾಚಂದರ ಬಾಳಿನಲ್ಲಿ ಈ ಪ್ರಶ್ನೆ ನೇರವಾಗಿ ಎದುರಾಯಿತು.

1882ರಲ್ಲಿ ಜನಿಸಿದ ವಾಲಚಂದರಿಗೆ ಹತ್ತಿಯ ವ್ಯಾಪಾರ, ಲೇವಾದೇವಿ ಮನೆತನದ ವೃತ್ತಿ. ಅದು ರುಚಿಸದೆ ರೈಲುಮಾರ್ಗದ ಗುತ್ತಿಗೆಗೆ ಇಳಿದು ಹಣ ಗಳಿಸಿದರು. 1919ರಲ್ಲಿ ನರೋತ್ತಮ ಮೊರಾರ್ಜಿ ಮೊದಲಾದವರೊಡನೆ ಸೇರಿ ಸಿಂಧಿಯಾ ಹಡಗು ಕಂಪನಿಯನ್ನು ಕಟ್ಟಿದರು. ಗ್ವಾಲಿಯರ್ ಮಹಾರಾಜರಿಂದ ಕೊಂಡ ಹಡಗಿನ ಹೆಸರು ಲಾಯಲ್ಟಿ, ಅಂದರೆ ನಿಷ್ಠೆ. ಮೊದಲ ಮಹಾಯುದ್ಧದಲ್ಲಿ ಆಸ್ಪತ್ರೆ ಹಡಗಾಗಿದ್ದಾಗ ಆ ಹೆಸರು ಬ್ರಿಟಿಷ್ ಸಾಮ್ರಾಜ್ಯದ ಮೇಲಣ ನಿಷ್ಠೆಯನ್ನು ಸಾರುತ್ತಿತ್ತು. ಏಪ್ರಿಲ್ 5ರಂದು ಭಾರತೀಯರ ಒಡೆತನದಲ್ಲಿ ಅದು ಮುಂಬಯಿಯಿಂದ ಲಂಡನ್ನಿಗೆ ಹೊರಟಾಗ ಅದೇ ಹೆಸರಿಗೆ ಬೇರೆ ಅರ್ಥ ಬಂದಿತು. ಆ ದಿನವನ್ನು ಇಂದು ರಾಷ್ಟ್ರೀಯ ಸಾಗರಯಾನ ದಿನವಾಗಿ ಆಚರಿಸುತ್ತಾರೆ.

ಅಂದು ನಮ್ಮ ಕರಾವಳಿಯ ಸಾಗಣೆ ಲಾರ್ಡ್ ಇಂಚ್‌ಕೇಪರ ಬ್ರಿಟಿಷ್ ಕಂಪನಿಯ ಹಿಡಿತದಲ್ಲಿತ್ತು. ಹೊಸ ಪ್ರತಿಸ್ಪರ್ಧಿಯನ್ನು ಮುಳುಗಿಸಲು ಆ ಕಂಪನಿಯು ಸಾಗಣೆಯ ದರವನ್ನು ತೀರ ಇಳಿಸಿತು. ನಷ್ಟ ಬೆಳೆಯಿತು. ಆಗ ಸಿಂಧಿಯಾವನ್ನೇ ಕೊಂಡುಬಿಡುವ ಪ್ರಸ್ತಾವ ಎದುರು ಪಾಳೆಯದಿಂದ ಬಂದಿತು. ಮಾರಿದ್ದರೆ ಪಾಲುದಾರರು ಅಂದೇ ನಿಶ್ಚಿಂತರಾಗುತ್ತಿದ್ದರು. ಯಾವ ವ್ರತವೂ ಮುರಿಯುತ್ತಿರಲಿಲ್ಲ. ಮಾರಲಿಲ್ಲ. ಕರಾವಳಿ ವ್ಯಾಪಾರ ಭಾರತೀಯ ಹಡಗುಗಳಿಗೇ ಮೀಸಲಾಗಲಿ ಎಂದು ಅವರು ವಾದಿಸಿದ್ದೇನೋ ನಿಜ. ಅದರಲ್ಲಿ ದೇಶದ ಹಿತದೊಡನೆ ಅವರ ಹಿತವೂ ಇತ್ತು. ಎರಡೂ ಕೂಡಿ ಹರಿಯುವಾಗ ನಿಷ್ಠೆಯನ್ನು ಅಳೆಯುವುದು ಕಷ್ಟ. ಅವು ಬೇರೆಯಾದ ಆ ನಷ್ಟದ ದಿನಗಳೇ ವಾಲಚಂದರನ್ನು ಒರೆಗೆ ಹಚ್ಚಿದವು.

ಗೆಲುವು ಪೂರ್ಣವಾಗಿರಲಿಲ್ಲ. 1923ರಲ್ಲಿ ಸಿಂಧಿಯಾ ಹತ್ತು ವರ್ಷಗಳ ಒಪ್ಪಂದಕ್ಕೆ ಸಹಿ ಹಾಕಿ ತನ್ನ ಹಡಗುಗಳ ಪ್ರಮಾಣಕ್ಕೂ ಮಾರ್ಗಗಳಿಗೂ ಮಿತಿ ಒಪ್ಪಬೇಕಾಯಿತು. ಲಾಯಲ್ಟಿಯೂ ಅದೇ ವರ್ಷ ಗುಜರಿಗೆ ಹೋಯಿತು. ಶ್ರಾವಕನ ದಿಗ್ವ್ರತವು ತಾನೇ ಹಾಕಿಕೊಂಡ ಎಲ್ಲೆ. ಇದು ಬಲಿಷ್ಠನು ಹೇರಿದ ಎಲ್ಲೆ. ಎರಡನ್ನೂ ಒಂದೇ ಎನ್ನಲಾಗದು. ಆದರೂ ಕಂಪನಿ ಉಳಿಯಿತು, ಒಡೆತನ ಕೈಬಿಡಲಿಲ್ಲ.

ನಮ್ಮ ಬೆಂಗಳೂರಿಗೂ ಅವರ ಋಣವಿದೆ. 1940ರ ಡಿಸೆಂಬರಿನಲ್ಲಿ ಮೈಸೂರು ಸಂಸ್ಥಾನದ ಸಹಭಾಗಿತ್ವದೊಡನೆ ಇಲ್ಲಿ ಹಿಂದುಸ್ಥಾನ್ ವಿಮಾನ ಕಾರ್ಖಾನೆಯನ್ನು ಸ್ಥಾಪಿಸಿದರು. ಯುದ್ಧದ ಒತ್ತಡದಲ್ಲಿ 1942ರಲ್ಲಿ ಭಾರತ ಸರ್ಕಾರವು ಅವರ ಪಾಲನ್ನು ಕೊಂಡು ಕಾರ್ಖಾನೆಯನ್ನು ವಹಿಸಿಕೊಂಡಿತು. ಇಂದಿನ ಎಚ್‌ಎಎಲ್ ಅದೇ. 1941ರಲ್ಲಿ ವಿಶಾಖಪಟ್ಟಣದ ಹಡಗು ಕಾರ್ಖಾನೆಗೆ ಬಾಬು ರಾಜೇಂದ್ರಪ್ರಸಾದರು ಶಿಲಾನ್ಯಾಸ ಮಾಡಿದರು; 1948ರಲ್ಲಿ ಅಲ್ಲಿ ಕಟ್ಟಿದ ಜಲಉಷಾ ಹಡಗನ್ನು ಪ್ರಧಾನಿ ನೆಹರೂ ನೀರಿಗಿಳಿಸಿದರು. 1952ರಲ್ಲಿ ಅದರ ಒಡೆತನದ ಬಹುಪಾಲು ಸ್ವತಂತ್ರ ಭಾರತದ ಸರ್ಕಾರಕ್ಕೆ ಸೇರಿತು. ಮರುವರ್ಷದ ಏಪ್ರಿಲ್ 8ರಂದು ವಾಲಚಂದರು ಇಹಲೋಕ ತ್ಯಜಿಸಿದರು.