30 ಶಿಲ್ಲಿಂಗ್ ಸಂಬಳ ಮತ್ತು ಒಂದು ತಿರುಪು: ಹೆನ್ರಿ ಮಾಡ್ಸ್ಲೇ ಕತೆ

ಒಂದೇ ಸೈಜಿನ ಎರಡು ಬೋಲ್ಟ್‌ಗಳಿದ್ದರೆ ಇದರ ನಟ್ ಅದಕ್ಕೂ ಕೂರುತ್ತೆ. ಇದರಲ್ಲಿ ಹೇಳೋದೇನಿದೆ ಅನ್ನಬಹುದು. ಆದರೆ 1790ರ ಲಂಡನ್‌ನಲ್ಲಿ ಇದು ನಿಜವಾಗಿರಲಿಲ್ಲ. ಪ್ರತಿ ಬೋಲ್ಟಿಗೂ ಅದರದ್ದೇ ನಟ್. ಯಂತ್ರ ಬಿಚ್ಚುವಾಗ ಗುರುತು ಹಾಕಿ ಜೋಡಿ ಜೋಡಿಯಾಗಿ ಎತ್ತಿಡಬೇಕು, ಬೆರೆತುಹೋದರೆ ಯಾವುದು ಯಾವುದರದ್ದೆಂದು ಹುಡುಕುವುದರಲ್ಲೇ ದಿನ ಕಳೆಯುತ್ತಿತ್ತು. ಈ ಗೋಜಲನ್ನು ಬಿಡಿಸಲು ದಾರಿ ಮಾಡಿಕೊಟ್ಟವನು ಕಾಲೇಜು ಮೆಟ್ಟಿಲು ಹತ್ತದ ಒಬ್ಬ ಕಮ್ಮಾರ.

ಹೆನ್ರಿ ಮಾಡ್ಸ್ಲೇ ಹುಟ್ಟಿದ್ದು 1771ರಲ್ಲಿ, ಲಂಡನ್ ಪಕ್ಕದ ವುಲ್ವಿಚ್‌ನಲ್ಲಿ. ಅಪ್ಪ ಸೈನ್ಯದಲ್ಲಿ ಬಂಡಿಗಾಲಿ ಮಾಡುತ್ತಿದ್ದ. ಗಾಯಗೊಂಡ ಮೇಲೆ ಅಲ್ಲಿನ ಶಸ್ತ್ರಾಗಾರದ ಉಗ್ರಾಣ ನೋಡಿಕೊಳ್ಳುತ್ತಿದ್ದ. ಮಗ 12ನೇ ವಯಸ್ಸಿಗೇ ಅದೇ ಶಸ್ತ್ರಾಗಾರದಲ್ಲಿ ತೋಟಾಗಳಿಗೆ ಮದ್ದು ತುಂಬುವ ಕೆಲಸಕ್ಕೆ ಸೇರಿದ. ಇವತ್ತಿನ ಲೆಕ್ಕದಲ್ಲಿ ಬಾಲಕಾರ್ಮಿಕ, ಅದೂ ಅತಿ ಅಪಾಯದ ಜಾಗದಲ್ಲಿ. ಎರಡು ವರ್ಷದ ಮೇಲೆ ಮರಗೆಲಸ, ಆಮೇಲೆ ಕುಲುಮೆ. ಕಬ್ಬಿಣ ಅವನ ಕೈ ಹಿಡಿಯಿತು.

18 ತುಂಬುವ ಹೊತ್ತಿಗೆ ಅವನ ಹೆಸರು ಲಂಡನ್‌ನ ಜೋಸೆಫ್ ಬ್ರಾಮಾ ಕಿವಿಗೆ ಬಿದ್ದಿತ್ತು. ಬ್ರಾಮಾ ಕಂಡುಹಿಡಿದ ಬೀಗವನ್ನು ಕಳ್ಳಕೀಲಿಯಿಂದ ತೆಗೆಯೋದು ಅಸಾಧ್ಯವೆನ್ನುವಷ್ಟು ಕಷ್ಟ; ಆದರೆ ಅದನ್ನು ತಯಾರಿಸೋದೂ ಅಷ್ಟೇ ಕಷ್ಟ. ಮಾಡ್ಸ್ಲೇ ಬಂದು ಅದರ ಭಾಗಗಳನ್ನು ಮಾಡುವ ಉಪಕರಣಗಳನ್ನೇ ಮಾಡಿಕೊಟ್ಟ. ಅಂಗಡಿಯ ಕಿಟಕಿಯಲ್ಲಿ ಇಟ್ಟ ಒಂದು ಬೀಗಕ್ಕೆ, ತೆಗೆದವರಿಗೆ 200 ಗಿನಿ ಬಹುಮಾನ ಘೋಷಿಸಲಾಗಿತ್ತು. ಅದು ಮಣಿದದ್ದು 1851ರಲ್ಲಿ. ಆಲ್ಫ್ರೆಡ್ ಹಾಬ್ಸ್ ಎಂಬ ಅಮೆರಿಕನ್ 50ಕ್ಕೂ ಹೆಚ್ಚು ಗಂಟೆ ಗುದ್ದಾಡಿ ತೆಗೆದ. ಬ್ರಾಮಾನೂ ಇರಲಿಲ್ಲ, ಮಾಡ್ಸ್ಲೇನೂ ಇರಲಿಲ್ಲ.

ಎಂಟು ವರ್ಷ ದುಡಿದು, ವರ್ಕ್‌ಶಾಪಿಗೇ ಮುಖ್ಯಸ್ಥನಾಗಿ, ಮದುವೆಯಾಗಿ ಸಂಸಾರ ಬೆಳೆದ ಮೇಲೆ ಅವನು ಸಂಬಳ ಹೆಚ್ಚಿಸಲು ಕೇಳಿದ. ಆಗ ಸಿಗುತ್ತಿದ್ದದ್ದು ವಾರಕ್ಕೆ 30 ಶಿಲ್ಲಿಂಗ್. ಬ್ರಾಮಾ ಆಗಲ್ಲ ಅಂದ. ಅವನೂ ರೈತನ ಮಗ, ಬಡಗಿಯಾಗಿ ಶುರು ಮಾಡಿದವನೇ. ಇದು 1797. ಎರಡು ವರ್ಷದ ಬಳಿಕ ಬ್ರಿಟಿಷ್ ಸಂಸತ್ತು ಕೆಲಸಗಾರರು ಕೂಲಿಗಾಗಿ ಗುಂಪುಗೂಡುವುದನ್ನೇ ಅಪರಾಧ ಮಾಡಿತು. ಒಬ್ಬನೇ ಹೋಗಿ ಕೇಳಿದರೆ ಬಾಗಿಲು ಮುಚ್ಚುತ್ತೆ, ಒಟ್ಟಾಗಿ ಕೇಳಿದರೆ ಜೈಲು. ಮಾಡ್ಸ್ಲೇಗೆ ಮೂರನೇ ದಾರಿ ಇತ್ತು, ಯಾಕಂದ್ರೆ ಅವನ ಕೈಯಲ್ಲಿ ಅಪರೂಪದ ಕಸುಬಿತ್ತು. ವೆಲ್ಸ್ ಸ್ಟ್ರೀಟ್‌ನಲ್ಲಿ ಪುಟ್ಟ ಕಾರ್ಯಾಗಾರ ತೆರೆದ. ಎಲ್ಲರಿಗೂ ಆ ದಾರಿ ಇರಲಿಲ್ಲ ಅನ್ನೋದನ್ನು ಸ್ವಂತ ಶ್ರಮದಿಂದ ಮೇಲೆ ಬಂದವರ ಕತೆ ಹೇಳೋರು ಸಾಮಾನ್ಯವಾಗಿ ಬಿಟ್ಟುಬಿಡ್ತಾರೆ.

ಇಲ್ಲಿಂದ ಲೇತ್‌ ಕತೆ. ಅಲ್ಲಿಯವರೆಗೆ ಲೋಹ ಕಡೆಯುವವನು ಉಳಿಯನ್ನು ಕೈಯಲ್ಲೇ ಹಿಡಿದು, ಊರೆಗೆ ಒತ್ತಿ, ತಿರುಗುವ ಲೋಹಕ್ಕೆ ತಾಗಿಸಬೇಕಿತ್ತು. ನಿಖರತೆ ಅಂದರೆ ಮಣಿಕಟ್ಟಿನ ಶಕ್ತಿ. ಬೆಳಗ್ಗೆ ಬಂದ ಅಳತೆ ಸಂಜೆ ಸುಸ್ತಾದಾಗ ಬರುವುದಿಲ್ಲ. ಮಾಡ್ಸ್ಲೇ ಉಳಿಯನ್ನು ಒಂದು ಗಟ್ಟಿ ಹಿಡಿಕೆಗೆ ಬಿಗಿದು, ಆ ಹಿಡಿಕೆ ನೇರ ಹಳಿಯ ಮೇಲೆ ತಿರುಪಿನಿಂದ ಸರಿಯುವಂತೆ ಮಾಡಿದ. ಇದೇ ಸ್ಲೈಡ್ ರೆಸ್ಟ್. ಅದನ್ನು ಉದ್ದನೆಯ ಲೀಡ್ ಸ್ಕ್ರೂಗೆ ಸೇರಿಸಿ, ಲೀಡ್ ಸ್ಕ್ರೂವನ್ನು ಗೇರುಗಳ ಮೂಲಕ ತಿರುಗುವ ಅಚ್ಚಿಗೆ ಜೋಡಿಸಿದ. ಗೇರು ಬದಲಿಸಿದರೆ ತಿರುಪಿನ ಸುತ್ತುಗಳ ಅಂತರ ಬದಲಾಗುತ್ತೆ. ಒಂದೇ ಲೇತ್, ಬೇಕಾದ ಅಳತೆಯ ತಿರುಪು. ಈ ಭಾಗಗಳನ್ನು ಅವನೊಬ್ಬನೇ ಕಂಡುಹಿಡಿದ ಅಂತಲ್ಲ. ಫ್ರಾನ್ಸಿನ ವೋಕಾನ್ಸನ್, ಇಂಗ್ಲೆಂಡಿನ ರಾಮ್ಸ್‌ಡೆನ್ ಮೊದಲೇ ಇಂಥವನ್ನು ಮಾಡಿದ್ದರು. ಎಲ್ಲವನ್ನೂ ಪೂರ್ತಿ ಲೋಹದ ಒಂದೇ ಗಟ್ಟಿ ಯಂತ್ರದಲ್ಲಿ ಕೂಡಿಸಿ, ದಿನನಿತ್ಯ ಅಂಗಡಿ ಕೆಲಸಕ್ಕೆ ಒಗ್ಗಿಸಿದ್ದು 1800ರ ಹೊತ್ತಿಗೆ ಮಾಡ್ಸ್ಲೇ. ಪೀಣ್ಯದ ಯಾವುದೇ ಸಣ್ಣ ಶೆಡ್ಡಿಗೆ ಹೋಗಿ ಲೇತ್ ನೋಡಿ, ಎಲುಬುಗೂಡು ಇದೇ.

ಒಂದು ಪ್ರಶ್ನೆ ಉಳಿಯುತ್ತೆ. ಒಳ್ಳೆಯ ತಿರುಪು ಮಾಡಲು ಒಳ್ಳೆಯ ಲೀಡ್ ಸ್ಕ್ರೂ ಬೇಕು. ಮೊದಲ ಒಳ್ಳೆಯ ತಿರುಪು ಎಲ್ಲಿಂದ ಬಂತು? ಅವನು ಬಾಗಿದ ಚಾಕುವಿನ ಅಲಗನ್ನು ಲೆಕ್ಕ ಹಾಕಿದ ಓರೆಯಲ್ಲಿ ನಿಲ್ಲಿಸಿ, ಮರ ಅಥವಾ ಮೆದು ಲೋಹದ ಸರಳು ತಿರುಗುತ್ತಾ ತಾನಾಗಿಯೇ ಮುಂದಕ್ಕೆ ಸರಿದು ಮೈಮೇಲೆ ಸುರುಳಿ ಗೆರೆ ಮೂಡಿಸಿಕೊಳ್ಳುವಂತೆ ಮಾಡಿದ. ಅಂಥ ಗೆರೆಗಳಿಂದ ಹುಟ್ಟಿದ ತಿರುಪುಗಳಲ್ಲಿ ಉತ್ತಮವಾದವನ್ನು ಆರಿಸಿ, ಅದರಿಂದ ಇನ್ನೂ ಉತ್ತಮವಾದದ್ದು. ನನಗೆ ಇಡೀ ಕತೆಯಲ್ಲಿ ತುಂಬಾ ಇಷ್ಟವಾಗೋದು ಈ ಭಾಗ.

ಅವನ ಮೇಜಿನ ಮೇಲೆ ಇನ್ನೊಂದು ವಸ್ತುವಿತ್ತು: ಇಂಚಿನ ಹತ್ತು ಸಾವಿರದ ಒಂದು ಭಾಗದಷ್ಟು ವ್ಯತ್ಯಾಸ ಹಿಡಿಯುವ ಮೈಕ್ರೋಮೀಟರ್. ಅದಕ್ಕೆ ಲಾರ್ಡ್ ಚಾನ್ಸೆಲರ್ ಅಂತ ಅಡ್ಡಹೆಸರು. ಅಂದರೆ ಅಳತೆ ಜಗಳಕ್ಕೆ ಕೊನೆಯ ನ್ಯಾಯಾಲಯ. ಮಾಲೀಕ ಹೇಳಿದ್ದು ಸರಿಯೋ ಫಿಟ್ಟರ್ ಹೇಳಿದ್ದು ಸರಿಯೋ, ತೀರ್ಪು ಉಪಕರಣದ್ದು. ಕೆಲಸಗಾರರ ಬೆಂಚುಗಳ ಮೇಲೆ ಸಮತಟ್ಟಾದ ಲೋಹದ ಫಲಕಗಳನ್ನೂ ಇಡಿಸಿದ್ದ. ಅರ ಉಜ್ಜಿದ ಮೇಲ್ಮೈ ಚಪ್ಪಟೆಯಾಗಿದೆಯೋ ಇಲ್ಲವೋ ಅವರೇ ಪರೀಕ್ಷಿಸಿಕೊಳ್ಳಲಿ ಅಂತ. ಇಂಜಿನಿಯರಿಂಗ್ ಮೊದಲ ವರ್ಷದ ಫಿಟ್ಟಿಂಗ್ ಲ್ಯಾಬಿನಲ್ಲಿ ಅರ ಉಜ್ಜಿ ಉಜ್ಜಿ ಕೈ ಬೊಬ್ಬೆ ಬಂದವರಿಗೆ ಇದರ ಬೆಲೆ ಗೊತ್ತಿರುತ್ತೆ. ಅವನಂತೂ 18 ಇಂಚಿನ ಅರ ಹಿಡಿದರೆ ನೋಡುವುದೇ ಚೆಂದ ಎಂದು ಅವನ ಕೈಕೆಳಗಿದ್ದವರು ಮುಂದೆ ನೆನೆಸಿಕೊಂಡಿದ್ದಾರೆ.

ಈಗ ಕತೆಯ ಖಾರದ ಭಾಗಕ್ಕೆ ಬರೋಣ. ನೆಪೋಲಿಯನ್ ಯುದ್ಧದ ಕಾಲದಲ್ಲಿ ಬ್ರಿಟಿಷ್ ನೌಕಾಪಡೆಗೆ ವರ್ಷಕ್ಕೆ ಸುಮಾರು ಒಂದು ಲಕ್ಷ ರಾಟೆ ಬೇಕಿತ್ತು. ಹಗ್ಗ ಎಳೆಯುವ ಈ ಮರದ ರಾಟೆಗಳು ಒಂದು ದೊಡ್ಡ ಯುದ್ಧನೌಕೆಗೇ ಸಾವಿರದ ಹತ್ತಿರ. ಮಾರ್ಕ್ ಬ್ರುನೆಲ್ ಇವನ್ನು ಯಂತ್ರದಿಂದ ಮಾಡುವ ಯೋಜನೆ ತಂದ, ನೌಕಾಪಡೆಯ ಸ್ಯಾಮ್ಯುಯೆಲ್ ಬೆಂಥಮ್ ಒಪ್ಪಿದ, ಯಂತ್ರ ಕಟ್ಟಿದ್ದು ಮಾಡ್ಸ್ಲೇ. ಪೋರ್ಟ್ಸ್‌ಮತ್‌ನಲ್ಲಿ ನಲವತ್ತಕ್ಕೂ ಹೆಚ್ಚು ಯಂತ್ರಗಳು ಸಾಲಾಗಿ ನಿಂತವು. 1808ರ ಹೊತ್ತಿಗೆ ವರ್ಷಕ್ಕೆ 1,30,000 ರಾಟೆ. ಮೊದಲು 110 ನುರಿತ ಕುಶಲಕರ್ಮಿಗಳು ಮಾಡುತ್ತಿದ್ದ ಕೆಲಸಕ್ಕೆ ಈಗ 10 ಮಂದಿ ಸಾಕು, ಅವರಿಗೆ ಕಸುಬು ಗೊತ್ತಿರಬೇಕಾಗಿಯೂ ಇಲ್ಲ. ಉಳಿದ ನೂರು ಮಂದಿಯ ಲೆಕ್ಕ? ಸರ್ಕಾರಕ್ಕೆ ಉಳಿತಾಯವಾಯಿತು, ಬ್ರುನೆಲ್‌ಗೆ ಒಂದು ವರ್ಷದ ಉಳಿತಾಯದಷ್ಟು ಹಣ ಬಹುಮಾನವಾಗಿ ಸಿಕ್ಕಿತು. ಕಸುಬೇ ಬಂಡವಾಳವಾಗಿದ್ದ ಕಮ್ಮಾರ, ಇನ್ನೊಬ್ಬರ ಕಸುಬಿನ ಬೆಲೆ ಇಳಿಸುವ ಯಂತ್ರವನ್ನು ಅಷ್ಟೇ ಚೆನ್ನಾಗಿ ಕಟ್ಟಿದ. ಅದರಲ್ಲಿ ಕೆಲವು ಯಂತ್ರಗಳು 1960ರ ದಶಕದವರೆಗೂ ಓಡುತ್ತಿದ್ದವು.

1810ರಲ್ಲಿ ಲ್ಯಾಂಬೆತ್‌ಗೆ ಸ್ಥಳಾಂತರ, ಹಡಗಿನ ಉಗಿ ಇಂಜಿನ್‌ಗಳು, ದೊಡ್ಡ ಉದ್ಯಮ. ಫ್ರಾನ್ಸಿನಿಂದ ಮರಳುವಾಗ ಥಂಡಿ ಹಿಡಿದು 1831ರ ಫೆಬ್ರುವರಿಯಲ್ಲಿ ತೀರಿಕೊಂಡ. ವುಲ್ವಿಚ್‌ನ ಚರ್ಚಿನಲ್ಲಿ ಅವನ ಸಮಾಧಿ ಕಲ್ಲಿನದಲ್ಲ, ಎರಕದ ಕಬ್ಬಿಣದ್ದು. ವಿನ್ಯಾಸವೂ ಅವನದೇ.

ಅವನ ಕೈಕೆಳಗೆ ಕಲಿತವರ ದಾರಿಗಳು ಬೇರೆಬೇರೆಯಾದವು. ಜೋಸೆಫ್ ವಿಟ್‌ವರ್ತ್ 1841ರಲ್ಲಿ ಇಡೀ ದೇಶಕ್ಕೆ ಒಂದೇ ತಿರುಪಿನ ಅಳತೆ ಪ್ರಸ್ತಾಪಿಸಿದ. ನಟ್-ಬೋಲ್ಟ್ ಗೋಜಲು ನಿಜಕ್ಕೂ ಬಿಡಿಸಿಕೊಳ್ಳತೊಡಗಿದ್ದು ಆಗ. ಜೇಮ್ಸ್ ನ್ಯಾಸ್ಮಿತ್ ಕಾರ್ಮಿಕ ಸಂಘಗಳ ಕಡುವಿರೋಧಿಯಾದ. ರಿಚರ್ಡ್ ರಾಬರ್ಟ್ಸ್, ನೂಲುವವರ ಮುಷ್ಕರ ಮುರಿಯಬೇಕು ಎಂದು ಗಿರಣಿ ಮಾಲೀಕರು ಬೇಡಿಕೊಂಡ ಮೇಲೆ, ಸ್ವಯಂಚಾಲಿತ ನೂಲುಯಂತ್ರ ಮಾಡಿಕೊಟ್ಟ. ಮುಖ್ಯ ನಕ್ಷೆಗಾರನಾಗಿದ್ದ ಜೋಸೆಫ್ ಕ್ಲೆಮೆಂಟ್ ಮಾತ್ರ ಇನ್ನೊಂದು ತುದಿ. ಚಾರ್ಲ್ಸ್ ಬ್ಯಾಬೇಜ್‌ನ ಲೆಕ್ಕದ ಯಂತ್ರವನ್ನು ಕಟ್ಟುತ್ತಿದ್ದ ಅವನು 1833ರಲ್ಲಿ ಹಣದ ಜಗಳವಾಗಿ ಕೆಲಸ ನಿಲ್ಲಿಸಿದ. ಆ ಕೆಲಸಕ್ಕೆಂದೇ ತಯಾರಾದ ಉಪಕರಣಗಳಿಗೆ ದುಡ್ಡು ಸುರಿದಿದ್ದು ಸರ್ಕಾರ. ಆದರೆ ಉಪಕರಣ ಅದನ್ನು ಮಾಡಿದ ಕಸುಬುದಾರನಿಗೇ ಸೇರಿದ್ದು ಎನ್ನುವುದು ಆಗಿನ ಕಸುಬಿನ ರೂಢಿ. ಬ್ಯಾಬೇಜ್‌ಗೆ ನಕ್ಷೆಗಳು, ಮುಗಿದಿದ್ದ ಬಿಡಿಭಾಗಗಳು ಸಿಕ್ಕವು. ಉಪಕರಣಗಳು ಕ್ಲೆಮೆಂಟ್ ಹತ್ತಿರವೇ ಉಳಿದವು.