ವಿದುಷಿ ಗ್ರೇಸ್ ಹಾಪರ್

ಜಾಲತಾಣಗಳಿಗೆ ಪ್ರೋಗ್ರಾಂ ಬರೆಯಲು ಕಲಿಯುವವರಿಗೆ ಮೊದಲೇ ಹೇಳಿಕೊಡುವ ನೀತಿಯೊಂದುಂಟು: ಹಲವು ಪುಟಗಳಿಗೆ ಬೇಕಾಗುವ ಕೆಲಸವನ್ನು ಒಂದೆಡೆ ಬರೆದಿಟ್ಟು, ಬೇಕಾದಲ್ಲೆಲ್ಲ ಹೆಸರು ಹಿಡಿದು ಕರೆಯಬೇಕು. ಕಲಾ ವಿಭಾಗದ ವಿದ್ಯಾರ್ಥಿಯಾದ ನನಗೆ ಈ ನೀತಿಗೆ ದಾರಿ ಮಾಡಿದವರಲ್ಲೊಬ್ಬರ ಜೀವನ ಬಹಳ ಸ್ವಾರಸ್ಯವಾಗಿ ತೋರಿತು.

ಗ್ರೇಸ್ ಹಾಪರ್ 1906ರಲ್ಲಿ ನ್ಯೂಯಾರ್ಕಿನಲ್ಲಿ ಜನಿಸಿದರು. ಬಾಲ್ಯದಲ್ಲಿ ಮನೆಯ ಅಲಾರಂ ಗಡಿಯಾರಗಳನ್ನು ಒಂದೊಂದಾಗಿ ಬಿಚ್ಚಿ ನೋಡಿದ ಈಕೆ, ವಾಸರ್ ಕಾಲೇಜಿನಲ್ಲಿ ಪಾಠ ಹೇಳುತ್ತಲೇ 1934ರಲ್ಲಿ ಯೇಲ್ ವಿಶ್ವವಿದ್ಯಾನಿಲಯದಿಂದ ಗಣಿತದಲ್ಲಿ ಡಾಕ್ಟರೇಟ್ ಪಡೆದರು. ಮಹಾಯುದ್ಧದ ಕಾಲದಲ್ಲಿ, 1943ರಲ್ಲಿ, ಅಮೆರಿಕದ ನೌಕಾದಳವನ್ನು ಸೇರಿ, ಮರುವರ್ಷ ಹಾರ್ವರ್ಡಿನ ಮಾರ್ಕ್ 1 ಎಂಬ ಬೃಹತ್ ಗಣಕದ ಕೆಲಸಕ್ಕೆ ನಿಯುಕ್ತರಾದರು.

ಆಗ ಗಣಕಕ್ಕೆ ಆಜ್ಞೆಗಳನ್ನು ಕಾಗದದ ಪಟ್ಟಿಯಲ್ಲಿ ರಂಧ್ರ ಕೊರೆದು ಕೊಡಬೇಕಾಗಿತ್ತು. ಕೆಲವು ಲೆಕ್ಕಗಳು ಮತ್ತೆ ಮತ್ತೆ ಬರುತ್ತಿದ್ದುದರಿಂದ, ಹಾಪರ್ ಮತ್ತು ಸಂಗಡಿಗರು ಸರಿಯೆಂದು ಕಂಡ ತುಣುಕುಗಳನ್ನು ನೋಟುಪುಸ್ತಕಗಳಲ್ಲಿ ಬರೆದಿಟ್ಟು ಪರಸ್ಪರ ನಕಲು ಮಾಡಿಕೊಳ್ಳುತ್ತಿದ್ದರು. ಆದರೆ ನಕಲಿನಲ್ಲಿ ಅಕ್ಷರ ಅಂಕಿಯಾಗುತ್ತಿತ್ತು. ಕೂಡುವ ಲೆಕ್ಕವೂ ತಪ್ಪುತ್ತಿತ್ತು.

ನಮ್ಮ ಗುತ್ತಿಗಾರಿನ ಕಡೆ ಅಡಿಕೆಗೆ ಮದ್ದು ಬಿಡುವವರಿಗೆ ಈ ತೊಡಕು ಬೇಗ ತಿಳಿದೀತು. ನೂರು ಲೀಟರು ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ಈ ಪ್ರಮಾಣವನ್ನು ಹತ್ತು ಮನೆಯವರು ಒಬ್ಬರ ಚೀಟಿಯಿಂದ ಇನ್ನೊಬ್ಬರು ನಕಲು ಮಾಡಿದರೆ, ನಡುವೆ ಒಂದಂಕಿ ತಪ್ಪಿದರೂ ಮುಂದಿನವರಿಗೆಲ್ಲ ನಷ್ಟ. ಎಲ್ಲರೂ ಒಂದೇ ಹಲಗೆಯನ್ನು ನೋಡುವಂತಾದರೆ ತಿದ್ದುವುದೂ ಒಂದೇ ಕಡೆ.

1949ರಲ್ಲಿ ಹಾಪರ್ ಯೂನಿವ್ಯಾಕ್ ಗಣಕವನ್ನು ನಿರ್ಮಿಸುತ್ತಿದ್ದ ಸಂಸ್ಥೆಯನ್ನು ಸೇರಿದರು. ಪರೀಕ್ಷಿಸಿದ ತುಣುಕುಗಳನ್ನು ಅಯಸ್ಕಾಂತದ ಟೇಪಿನಲ್ಲಿ ಶೇಖರಿಸಿ, ಗ್ರಂಥಾಲಯದ ಪುಸ್ತಕಗಳಂತೆ ಪ್ರತಿಯೊಂದಕ್ಕೂ ಸಂಖ್ಯೆ ಕೊಟ್ಟರು. 1952ರ ವೇಳೆಗೆ ಸಿದ್ಧವಾದ ಅವರ ಎ-ಝೀರೋ ಪ್ರೋಗ್ರಾಂ, ಸಂಖ್ಯೆ ಹೇಳಿದರೆ ಸಾಕು, ಬೇಕಾದ ತುಣುಕನ್ನು ತಾನೇ ಹುಡುಕಿ ಜೋಡಿಸುತ್ತಿತ್ತು. ಗಣಕ ಲೆಕ್ಕ ಮಾಡುವುದೇ ಹೊರತು ಪ್ರೋಗ್ರಾಂ ಕಟ್ಟಲಾರದೆಂದು ಹಲವರು ನಂಬಲಿಲ್ಲ. ಹಾಪರ್ ಹಿಂಜರಿಯಲಿಲ್ಲ. ಮುಂದೆ ಅವರ ಫ್ಲೋ-ಮ್ಯಾಟಿಕ್ ಭಾಷೆ, 1959ರಲ್ಲಿ ರೂಪುಗೊಳ್ಳತೊಡಗಿದ ಕೋಬಾಲಿಗೆ ಆಧಾರವಾಯಿತು. 1986ರಲ್ಲಿ, 79ನೆಯ ವಯಸ್ಸಿನಲ್ಲಿ, ರಿಯರ್ ಅಡ್ಮಿರಲ್ ಪದವಿಯಲ್ಲಿ ನಿವೃತ್ತರಾಗಿ, 1992ರ ಜನವರಿ 1ರಂದು ಕಾಲವಶರಾದರು.

ಈ ಜೀವನದಿಂದ ನಾನು ಗ್ರಹಿಸಿದ್ದು ಶ್ರಮ ಉಳಿಸುವ ಉಪಾಯವನ್ನಷ್ಟೇ ಅಲ್ಲ. ಹಲಗೆಯ ಮೇಲಿನ ಅಂಕಿಯೇ ತಪ್ಪಿದ್ದರೆ ಹತ್ತು ತೋಟಗಳೂ ಒಮ್ಮೆಗೇ ಕೆಡುತ್ತವೆ. ಎಲ್ಲರೂ ಬಳಸುವುದನ್ನು ಬರೆಯುವವರ ಹೊಣೆ ಎಲ್ಲರಿಗಿಂತ ದೊಡ್ಡದು. ಆದ್ದರಿಂದಲೇ ಸರಿಯೆಂದು ಕಂಡ ತುಣುಕಿಗೆ ಮಾತ್ರ ಹಾಪರ್ ತಮ್ಮ ಸಂಗ್ರಹದಲ್ಲಿ ಸ್ಥಾನ ಕೊಟ್ಟರು.