ಜಾರ್ಜ್ ಸ್ಟೀವನ್‌ಸನ್

ಇಂಗ್ಲೆಂಡಿನ ಉತ್ತರ ಭಾಗದಲ್ಲಿ, ನ್ಯೂಕ್ಯಾಸಲ್ ನಗರದ ಸಮೀಪ, ವೈಲಂ ಎಂಬ ಹಳ್ಳಿಯಿದೆ. ಅಲ್ಲಿ 1781ರಲ್ಲಿ ಜಾರ್ಜ್ ಸ್ಟೀವನ್‌ಸನ್ ಜನಿಸಿದನು. ತಂದೆ ಕಲ್ಲಿದ್ದಲ ಗಣಿಯಿಂದ ನೀರೆತ್ತುವ ಹಬೆಯಂತ್ರಕ್ಕೆ ಬೆಂಕಿಯೂಡುವ ಕೂಲಿಕಾರ. ಮಕ್ಕಳನ್ನು ಶಾಲೆಗೆ ಕಳುಹಿಸುವ ಅನುಕೂಲ ಆ ಮನೆಗೆ ಇರಲಿಲ್ಲ. ಹುಡುಗನು ಮೊದಲು ದನ ಕಾಯ್ದನು. ಅನಂತರ ಗಣಿಯನ್ನು ಸೇರಿದನು. ಹದಿನೆಂಟನೆಯ ವಯಸ್ಸಿನಲ್ಲಿ, ಹಗಲೆಲ್ಲ ದುಡಿದು, ರಾತ್ರಿಯ ಪಾಠಶಾಲೆಯಲ್ಲಿ ಅಕ್ಷರ ಕಲಿತನು. 1806ರಲ್ಲಿ ಹೆಂಡತಿ ತೀರಿಕೊಂಡಳು. ತನಗೆ ದೊರೆಯದ ವಿದ್ಯೆ ಮಗ ರಾಬರ್ಟನಿಗಾದರೂ ದೊರೆಯಲೆಂದು, ಬಿಡುವಿನಲ್ಲಿ ಗಡಿಯಾರಗಳನ್ನು ದುರಸ್ತಿ ಮಾಡಿ ಹಣ ಕೂಡಿಸಿದನು. ಮಗನ ಪುಸ್ತಕಗಳಿಂದ ತಾನೂ ಕಲಿತನು.

ಹಳಿಯ ಮೇಲೆ ಹಬೆಯ ಎಂಜಿನನ್ನು ಮೊದಲು ಓಡಿಸಿದವನು ಸ್ಟೀವನ್‌ಸನ್ ಅಲ್ಲ. 1804ರಲ್ಲಿಯೇ ರಿಚರ್ಡ್ ಟ್ರೆವಿಥಿಕ್ ಅದನ್ನು ಸಾಧಿಸಿದ್ದನು. ಆದರೆ ಅದನ್ನು ನಂಬಿಕೆಗೆ ಅರ್ಹವಾದ ವಾಹನವನ್ನಾಗಿ ಮಾಡಿದ ಕೀರ್ತಿ ಬಹುಮಟ್ಟಿಗೆ ಇವನದೇ. 1825ರ ಸೆಪ್ಟೆಂಬರ್ 27ರಂದು ಸ್ಟಾಕ್‌ಟನ್–ಡಾರ್ಲಿಂಗ್‌ಟನ್ ಮಾರ್ಗದಲ್ಲಿ ಇವನ ಎಂಜಿನ್ ನೂರಾರು ಜನರನ್ನು ಎಳೆದುಕೊಂಡು ಸಾಗಿತು.

ಅದೇ ವರ್ಷದ ಏಪ್ರಿಲಿನಲ್ಲಿ ಅವನು ದೊಡ್ಡ ಅವಮಾನವನ್ನು ಉಂಡಿದ್ದನು. ಲಿವರ್‌ಪೂಲ್–ಮ್ಯಾಂಚೆಸ್ಟರ್ ಮಾರ್ಗದ ಮಸೂದೆ ಪಾರ್ಲಿಮೆಂಟಿನ ಸಮಿತಿಯ ಮುಂದೆ ಬಂದಾಗ ವಕೀಲರು ಅವನನ್ನು ದಿನಗಟ್ಟಲೆ ಪ್ರಶ್ನಿಸಿದರು. ಸಹಾಯಕರು ಮಾಡಿದ ಅಳತೆಗಳಲ್ಲಿ ತಪ್ಪುಗಳಿದ್ದವು. ಅವನಿಗೆ ಉತ್ತರ ಹೊಳೆಯಲಿಲ್ಲ. ಅವನ ಹಳ್ಳಿಯ ಉಚ್ಚಾರಣೆಯೂ ನಗೆಗೀಡಾಯಿತು. ಮಸೂದೆ ಬಿದ್ದುಹೋಯಿತು. ಮರುವರ್ಷ ಬೇರೆಯವರ ಅಳತೆಯಿಂದ ಅದು ಅಂಗೀಕಾರವಾದರೂ, ಮಾರ್ಗ ನಿರ್ಮಿಸಲು ಕಂಪನಿಯು ಮತ್ತೆ ಅವನನ್ನೇ ಕರೆಯಿತು.

ದಾರಿಯಲ್ಲಿ ಚಾಟ್ ಮಾಸ್ ಎಂಬ ವಿಶಾಲವಾದ ಜೌಗು ನೆಲವಿತ್ತು. ಸುರಿದ ಮಣ್ಣನ್ನೆಲ್ಲ ಅದು ನುಂಗುತ್ತಿತ್ತು. ಸ್ಟೀವನ್‌ಸನ್ ಕುರುಚಲು ಗಿಡಗಳನ್ನೂ ಹೆಣೆದ ತಡಿಕೆಗಳನ್ನೂ ಹಾಸಿ, ತೆಪ್ಪದಂತೆ ಅದರ ಮೇಲೆ ಮಾರ್ಗವನ್ನು ತೇಲಿಸಿದನು. ಇಂದಿಗೂ ಅಲ್ಲಿ ರೈಲುಗಳು ಓಡುತ್ತಿವೆ. 1829ರಲ್ಲಿ ರೇನ್‌ಹಿಲ್ಲಿನಲ್ಲಿ ನಡೆದ ಸ್ಪರ್ಧೆಯಲ್ಲಿ ತಂದೆಮಕ್ಕಳ 'ರಾಕೆಟ್' ಎಂಜಿನ್ 500 ಪೌಂಡುಗಳ ಬಹುಮಾನ ಗೆದ್ದಿತು. ಮುಂದಿನ ವರ್ಷ ಸುಮಾರು 50 ಕಿಲೋಮೀಟರಿನ ಆ ಮಾರ್ಗ ತೆರೆಯಿತು. 1850ರ ವೇಳೆಗೆ ಬ್ರಿಟನ್ನಿನಲ್ಲಿ ಸುಮಾರು 10,000 ಕಿಲೋಮೀಟರುಗಳಷ್ಟು ರೈಲುಮಾರ್ಗವಿತ್ತು.

ಬೇರೆ ಬೇರೆ ಕಂಪನಿಗಳ ಮಾರ್ಗಗಳು ಒಂದು ದಿನ ಕೂಡಿಕೊಳ್ಳಲೇಬೇಕೆಂಬುದನ್ನು ಅವನು ಮೊದಲೇ ಕಂಡಿದ್ದನು. ಎಲ್ಲೆಡೆ ಹಳಿಗಳ ಅಂತರ 4 ಅಡಿ 8½ ಅಂಗುಲವೇ ಇರಬೇಕೆಂದು ಹಟ ಹಿಡಿದನು. ಬ್ರೂನೆಲ್ ಎಂಬ ಪ್ರತಿಭಾವಂತ ಎಂಜಿನಿಯರನು 7 ಅಡಿಯ ಹಳಿ ಹಾಕಿದನು. ಎರಡೂ ಸೇರಿದ ಗ್ಲಾಸ್ಟರ್ ನಿಲ್ದಾಣದಲ್ಲಿ ಪ್ರಯಾಣಿಕರು ಗಾಡಿ ಬದಲಾಯಿಸಬೇಕಾಯಿತು, ಸರಕನ್ನೆಲ್ಲ ಇಳಿಸಿ ಏರಿಸಬೇಕಾಯಿತು. 1846ರ ಕಾನೂನು ಸ್ಟೀವನ್‌ಸನ್ನನ ಅಳತೆಯನ್ನೇ ಎತ್ತಿಹಿಡಿಯಿತು.

1848ರಲ್ಲಿ ಅವನು ನಿಧನನಾದನು. ಐದು ವರ್ಷಗಳ ಅನಂತರ ಮುಂಬಯಿಯಿಂದ ಠಾಣೆಗೆ ಭಾರತದ ಮೊದಲ ಪ್ರಯಾಣಿಕರ ರೈಲು ಹೊರಟಿತು. ಆ ಕಂಪನಿಯ ಸಲಹಾ ಎಂಜಿನಿಯರ್ ಅವನ ಮಗ ರಾಬರ್ಟ್. ಹಳಿಗಳ ಅಂತರ ಮಾತ್ರ 5 ಅಡಿ 6 ಅಂಗುಲ.